ನವಣೆಯ ಮೇಲೆ ಹಾಸಿದ ಗ್ರಾನೈಟು

1988ರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸು. ಫೇಲಾಗಿ ಅಲ್ಲ (ಇದನ್ನು ಎಲ್ಲರಿಗೂ ಹೇಳುತ್ತೇನೆ), ಅಪ್ಪನ ಕಲ್ಲಿನ ಕೆಲಸಕ್ಕೆ ಇನ್ನೆರಡು ಕೈ ಬೇಕಿದ್ದವು. ಇವತ್ತು ದಾವಣಗೆರೆಯಲ್ಲಿ ನನ್ನದೇ ಗ್ರಾನೈಟ್ ಅಂಗಡಿ ಇದೆ. ಅಡುಗೆಕಟ್ಟೆಯಿಂದ ಸಮಾಧಿವರೆಗೆ ಎಲ್ಲ ಮಾಡಿಕೊಡುತ್ತೇನೆ. ಹಾಗಾಗಿ ಹೆಚ್ಚು ಓದಿದವರೆಂದರೆ ನನಗೆ ಒಂಚೂರು ಅನುಮಾನ.

ಜಯಶೀಲ ಮೇಷ್ಟ್ರನ್ನು ಬಿಟ್ಟು.

ಮೇಷ್ಟ್ರು ಹರಿಹರದವರು. ಪಾದ್ರಿಗಳಾಗುವವರಿಗೆ ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು. ಸಬ್ಜೆಕ್ಟು ಕ್ರೈಸ್ತ ಪರಿಸರ ನೀತಿಶಾಸ್ತ್ರ. ಅವರ ಪರೀಕ್ಷೆ ಪಾಸಾಗಲು ಉತ್ತರ ಬರೆದರೆ ಸಾಲದು, ಒಂದು ಗಿಡವನ್ನೂ ವರ್ಷಪೂರ್ತಿ ಬದುಕಿಸಬೇಕಿತ್ತಂತೆ. ಇಂಗ್ಲಿಷಿನಲ್ಲಿ ನಾಲ್ಕು ಪುಸ್ತಕ ಬರೆದಿದ್ದಾರೆ. (ನಾಲ್ಕೂ ನನ್ನ ಅಂಗಡಿಯಲ್ಲಿವೆ. ಓದಿಲ್ಲ. ಧೂಳು ಕೂರಲು ಬಿಟ್ಟಿಲ್ಲ.) ನಾನು ಕೆತ್ತುವ ಕ್ರೈಸ್ತರ ಸಮಾಧಿ ಕಲ್ಲುಗಳ ಇಂಗ್ಲಿಷ್ ಅಕ್ಷರಗಳನ್ನೆಲ್ಲ ತಿದ್ದಿಕೊಡುವವರು ಅವರೇ.

"ಪರಿಸರಕ್ಕೂ ಚರ್ಚಿಗೂ ಏನ್ ಸಂಬಂಧ ಸರ?" ಅಂತ ಒಮ್ಮೆ ಕೇಳಿದ್ದೆ.

"ಕಲ್ಲು ಪಾಲಿಶ್ ಮಾಡಿದ ನೀರು ಎಲ್ಲಿಗೆ ಬಿಡ್ತೀ ಬಸಣ್ಣ?"

"ಚರಂಡಿಗೆ."

"ಚರಂಡಿ ಎಲ್ಲಿಗೆ ಹೋಗ್ತೈತೆ?"

"ಹಳ್ಳಕ್ಕೆ."

"ಹಳ್ಳದ ನೀರು ಯಾರ ಹೊಲಕ್ಕೆ?"

ನಾನು ತಿರುಗಿ ಅಂಗಡಿ ಹಿಂದಿನ ಚರಂಡಿ ಕಡೆ ನೋಡಿದೆ.

"ಅಷ್ಟೇ ನೋಡಪ್ಪಾ ನನ್ನ ಸಬ್ಜೆಕ್ಟು" ಅಂದರು.

ಮರುವಾರವೇ ಅಂಗಡಿ ಹಿಂದೆ ಆ ನೀರು ತಿಳಿಯಾಗಲು ಗುಂಡಿ ತೋಡಿಸಿದೆ. ಪುಸ್ತಕ ಓದುವುದಕ್ಕಿಂತ ಅದು ಸುಲಭವಿತ್ತು.

ಇಂಥವರ ಹೆಂಡತಿ ಗ್ರೇಸಮ್ಮ ತೀರಿಕೊಂಡು ವರ್ಷವಾಯಿತು. ಹರಿಹರದ ಸ್ಮಶಾನದಲ್ಲಿ ಸುತ್ತಲ ಸಮಾಧಿಗಳಿಗೆಲ್ಲ ಗ್ರಾನೈಟು. ಅವರದ್ದು ಮಾತ್ರ ಬರೀ ಮಣ್ಣು, ಮೇಲೆ ಮೊಣಕಾಲೆತ್ತರ ಹುಲ್ಲು. ನನಗೆ ನಾಚಿಕೆಯಾಯಿತು. ನನ್ನಂಥ ಕಲ್ಲಿನವನು ಪರಿಚಯವಿದ್ದೂ ಹೀಗಾ?

ಮೇಷ್ಟ್ರು ಸೆಮಿನಾರಿಗೆ ಹೊರಟ ದಿನವೇ ನಾನು ಮತ್ತು ನಮ್ಮ ಪಾಲಿಶ್ ಮಾಡುವ ರಹಮತ್ ಸಾಬ್ರು ಸ್ಮಶಾನಕ್ಕೆ ಹೋದೆವು. ಹುಲ್ಲು ಕಿತ್ತು ಕಾಂಪೌಂಡಿನ ಮೂಲೆಗೆ ಎಸೆದು, ಹೆಸರು ಕೆತ್ತಿದ ಕರೀ ಗ್ರಾನೈಟು ಕೂರಿಸಿದೆವು. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತಿತ್ತು. ದುಡ್ಡಿನ ಮಾತೇ ಇಲ್ಲ, ಪ್ರೀತಿಯ ಕೆಲಸ.

ಮೂರನೇ ದಿನ ಮೇಷ್ಟ್ರನ್ನು ಬಸ್ ಸ್ಟ್ಯಾಂಡಿನಿಂದ ನೇರವಾಗಿ ಅಲ್ಲಿಗೇ ಕರೆದೊಯ್ದೆ. ರಹಮತ್ ಸಾಬ್ರೂ ಜೊತೆಗಿದ್ದರು. ಮೇಷ್ಟ್ರು ಕಲ್ಲಿನ ಮೇಲೆ ಕೈಯಾಡಿಸಿ ನೋಡಿದರು.

"ಭಾಳ ಚಂದ ಐತೆ ಬಸಣ್ಣ. ಇಲ್ಲಿದ್ದ ನವಣೆ ಏನಾತು?"

"ನವಣೆನಾ? ಹುಲ್ಲಿತ್ತಲ್ಲ ಸರ?"

ಹುಲ್ಲಲ್ಲ. ಗ್ರೇಸಮ್ಮ ವರ್ಷಾ ವರ್ಷಾ ಹಿತ್ತಲಲ್ಲಿ ಗುಬ್ಬಿಗಳಿಗೆಂದೇ ನವಣೆ ಬೆಳೆದು, ಬೀಜ ಬಾಟಲಿಯಲ್ಲಿ ಎತ್ತಿಡುತ್ತಿದ್ದರಂತೆ. "ನನ್ನ ಮ್ಯಾಲೆ ಕಲ್ಲು ಹೊರಿಸಬ್ಯಾಡ್ರಿ, ಗುಬ್ಬಿಗೆ ಏನಾರ ಬಿತ್ರಿ" ಅಂದಿದ್ದರಂತೆ. ಮೇಷ್ಟ್ರು ಬಾಟಲಿ ಪೂರ್ತಿ ಖಾಲಿ ಮಾಡಿ ಅಲ್ಲಿ ಬಿತ್ತಿದ್ದರು.

ತೆನೆ ಬಂದದ್ದು ನನಗೆ ಕಾಣಲಿಲ್ಲವೇ? ಕಾಣಲಿಲ್ಲ. ಟೇಪು ಹಿಡಿದು ನಿಂತವನಿಗೆ ಕಲ್ಲಿಗೆ ಅಡ್ಡ ಬಂದದ್ದೆಲ್ಲ ಕಸ.

"ಬೇರೆ ನವಣೆ ತರ್ತೀನಿ ಸರ. ಎಪಿಎಂಸಿಯಾಗೆ ಚೀಲಗಟ್ಟಲೆ ಸಿಗ್ತೈತೆ."

"ಅದು ಅವಳು ಎತ್ತಿಟ್ಟಿದ್ದಲ್ಲವಲ್ಲಪ್ಪಾ."

ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅವರು ಬೈಯಲಿಲ್ಲ.

"ನಮ್ಮಲ್ಲೂ ಕಬರ್ ಮ್ಯಾಲೆ ಮಣ್ಣೇ ಇರ್ಲಿ ಅಂತಾರೆ" ಅಂದರು ರಹಮತ್ ಸಾಬ್ರು.

"ಅವತ್ತೇ ಯಾಕ ಹೇಳ್ಲಿಲ್ರಿ?"

"ನೀನು ಟೇಪ್ ಹಿಡಿದ್ರೆ ಯಾರ ಮಾತು ಕೇಳ್ತೀಯೋ ಮಾರಾಯ?"

ಅಷ್ಟರಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಚಿಲಿಪಿಲಿ. ನಾವು ಎಸೆದ ಗುಡ್ಡೆಯ ಮೇಲೆ ಗುಬ್ಬಿಗಳು! ಮೂವರೂ ಓಡಿದೆವು. ಅವು ತಿಂದು ಬಿಟ್ಟ ತೆನೆಗಳನ್ನು ಮಂಡಿಯೂರಿ ಕೂತು ಹೆಕ್ಕಿದೆವು. ಅಂಗೈಯಲ್ಲಿ ಉಜ್ಜಿ, ಊದಿ, ಹೊಟ್ಟು ಹಾರಿಸಿದೆವು. ಕೊನೆಗೆ ಒಂದು ಹಿಡಿ ಕಾಳು ಸಿಕ್ಕಿತು. ಮೇಷ್ಟ್ರು ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡರು. ಆಮೇಲೆ ಅವರು ನಕ್ಕದ್ದನ್ನು ನೀವು ನೋಡಬೇಕಿತ್ತು.

ಮರುದಿನ ಹಾರೆ ಹಿಡಿದು ಕಲ್ಲನ್ನು ನಾನೇ ಎಬ್ಬಿಸಿದೆ. ಅಂಚೂ ಮುಕ್ಕಾಗದಂತೆ ಎತ್ತಿದೆ. (ಕೆಲಸ ಅಂದರೆ ಕೆಲಸ, ಕೀಳುವುದಾದರೂ.) ಮಣ್ಣು ಸಡಿಲ ಮಾಡಿದೆವು. ಅರ್ಧ ಹಿಡಿ ಬಿತ್ತಿ, ಉಳಿದರ್ಧವನ್ನು ಗ್ರೇಸಮ್ಮನ ಬಾಟಲಿಗೆ ಹಾಕಿಟ್ಟೆವು.

"ಈ ಕಲ್ಲು ಏನ್ ಮಾಡ್ಲಿ ಸರ?"

"ಹೆಸರು ಉಜ್ಜಿ ತೆಗೆದು ಹಿತ್ತಲಿಗೆ ಹಾಕ್ಕೋ. ನಿಮ್ಮ ಮನೆಯವರಿಗೆ ಅನುಕೂಲ ಆಗ್ತೈತೆ. ಗ್ರೇಸ್ ಇದ್ದಿದ್ರೂ ಅದನ್ನೇ ಹೇಳ್ತಿದ್ಲು."

ಮೊನ್ನೆ ಮೇಷ್ಟ್ರು ಫೋನ್ ಮಾಡಿದ್ದರು. ಮೊಳಕೆ ಬಂದಿದೆಯಂತೆ.

ಇಷ್ಟು ವರ್ಷದ ದುಡಿಮೆಗೆ ನನ್ನ ಹತ್ತಿರ ಈಗ ಇರುವುದು: ಕಲ್ಲು ಕೊಯ್ಯುವ ಮಷೀನು ಎರಡು, ಕೆಲಸದವರು ಆರು ಜನ, ಓದದ ಪುಸ್ತಕ ನಾಲ್ಕು, ಇಡೀ ಜಿಲ್ಲೆಯಲ್ಲೇ ದುಬಾರಿಯಾದ ಬಟ್ಟೆ ಒಗೆಯುವ ಕಲ್ಲು ಒಂದು.