ಪಕ್ಕದ ನಾಲ್ಕು ಚುಕ್ಕಿಗಳು

ಗಂಡಸಿಗೂ ಸವತಿ ಇರಬಹುದೆಂದು ನನಗೆ ಗೊತ್ತಾದದ್ದು ಗೋದಾವರಿಯನ್ನು ಕಟ್ಟಿಕೊಂಡ ಮೇಲೆ. ನನ್ನ ಸವತಿ ಒಂದು ನಕ್ಷತ್ರ. ಹೀಗೆಂದರೆ ಕೋಠಿ ಬಜಾರಿನಲ್ಲಿ ನನ್ನ ಸೀರೆ ಅಂಗಡಿಯ ಅಕ್ಕಪಕ್ಕದವರು ನಗುತ್ತಾರೆ. ನಗಲಿ, ಅನುಭವಿಸಿದವನು ನಾನು.

ಗೋದಾವರಿ ಅಬಿಡ್ಸ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದಳು. ಅವಳ ನಕ್ಷತ್ರ ಇನ್ನೂ ಎಳೆಯದು, ಸುತ್ತ ಧೂಳು. ಆ ಧೂಳಿನ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತ ಕೊನೆಗೆ ಭೂಮಿಯಂಥ ಗ್ರಹವಾಗುತ್ತವಂತೆ. ಧೂಳಿಗೆ ಬಡಿದು ಬಂದ ಅವಕೆಂಪು ಬೆಳಕು ಹೆಚ್ಚಾಗಿ ಒಂದೇ ದಿಕ್ಕಿಗೆ ಕಂಪಿಸುತ್ತದೆ. ಅದನ್ನು ಅಳೆದರೆ ಕಣ ಬೆಳೆದಿದೆಯೋ ಇಲ್ಲವೋ ತಿಳಿಯುತ್ತದೆ.

"ಧೂಳು ಬೆಳಿಯೂದನ್ನ ಒಮ್ಮೆ ನೋಡಬೇಕ್ರಿ. ಅಷ್ಟ ಸಾಕು ನನಗ," ಎನ್ನುತ್ತಿದ್ದಳು.

ಬೆಟ್ಟದ ಮೇಲಿನ ದೂರದರ್ಶಕ ಅವಳಿಗೆ ಚಳಿಗಾಲಕ್ಕೆ ಎರಡೇ ರಾತ್ರಿ ಸಿಗುತ್ತಿತ್ತು. ಎರಡು ಚಳಿಗಾಲ ಒಂದು ನಿಮಿಷವನ್ನೂ ಬೇರೆಡೆಗೆ ಕೊಡದೆ ತನ್ನ ನಕ್ಷತ್ರವನ್ನೇ ನೋಡಿ ಬಂದಳು. ಕಣ ಬೆಳೆದ ಗುರುತು ಸಿಕ್ಕಿತು. ಆ ಸಂತೋಷಕ್ಕೆ ಹೋಳಿಗೆಯನ್ನೂ ಮಾಡಿದಳು.

ಅವಳ ಮಾರ್ಗದರ್ಶಕಿ ಮಂದಾಕಿನಿ ಮೇಡಂ ಮೈಸೂರಿನವರು. ಲೆಕ್ಕವನ್ನೆಲ್ಲ ನೋಡಿ ಒಂದೇ ಮಾತು ಕೇಳಿದರು: "ಪಕ್ಕದ ನಕ್ಷತ್ರಗಳನ್ನ ಅಳೆದಿಲ್ವಲ್ಲ, ಗೋದಾವರಿ?"

ಸಂಜೆ ಬಂದು ನನಗೆ ತಿಳಿಸಿ ಹೇಳಿದಳು. "ನಿಮ್ಮ ಅಂಗಡಿ ಟ್ಯೂಬ್‌ಲೈಟಿಗೆ ಎಲ್ಲಾ ಸೀರಿನೂ ನೀಲಿ ಹೊಡಿತಾವಲ್ರಿ, ಹಂಗ. ನಡುವಿನ ದಾರ್ಯಾಗೂ ಧೂಳು ಐತಿ. ಪಕ್ಕದ ಚುಕ್ಕಿಗಳ ಬೆಳಕೂ ಹಿಂಗ ಇದ್ರ, ಆ ಗುರುತು ನನ್ನ ಚುಕ್ಕಿದಲ್ಲ, ದಾರಿದು."

"ಮೊದಲ ಗೊತ್ತಿರಲಿಲ್ಲೇನು?"

"ಗೊತ್ತಿತ್ರಿ. ಅದರ ಮ್ಯಾಲಿಂದ ಕಣ್ಣು ತೆಗ್ಯಾಕ ಮನಸ್ಸಾಗಲಿಲ್ಲ."

ಇಷ್ಟು ಓದಿದವಳಿಗೆ ಅಷ್ಟೂ ಬುದ್ಧಿ ಬೇಡವೇ ಎಂದು ಬೈಯಹೊರಟವನಿಗೆ, ನನ್ನನ್ನು ಅವಳು ಹಾಗೆ ಒಂದು ದಿನವಾದರೂ ನೋಡಿದ್ದರೆ ಎಂದು ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಮೂರನೆಯ ಚಳಿಗಾಲ ಪಕ್ಕದ ನಾಲ್ಕು ಚುಕ್ಕಿಗಳನ್ನು ಅಳೆದು ಬಂದಳು. ಸಂಕ್ರಾಂತಿ ಕಳೆದ ಭಾನುವಾರ ಬೆಳಿಗ್ಗೆ ಲೆಕ್ಕ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ನಾಲ್ಕಕ್ಕೂ ಅದೇ ದಿಕ್ಕು, ಅದೇ ಅಳತೆ. ಅವಳ ನಕ್ಷತ್ರದ್ದೆನ್ನುವುದು ಏನೂ ಉಳಿಯಲಿಲ್ಲ.

"ಹಂಗಾರ ಅಲ್ಲಿ ಧೂಳು ಬೆಳೆದಿಲ್ಲೇನು?" ಎಂದೆ.

"ಬೆಳೆದಿರಬಹುದು. ನನಗ ಕಾಣಲಿಲ್ಲ, ಅಷ್ಟ."

ಆ ಅಧ್ಯಾಯ ತೆಗೆದುಹಾಕುವುದಾಗಿ ಮೇಡಂಗೆ ಬರೆದು ಕಳಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಯಾವ ಕಡಿಗೈತಿ ನಿನ್ನ ಚುಕ್ಕಿ? ನನಗೂ ತೋರಿಸು," ಎಂದೆ.

ಕಿಟಕಿಯ ಕಡೆ ಕೈ ತೋರಿಸುತ್ತಾಳೆಂದುಕೊಂಡಿದ್ದೆ. ಅವಳು ಮುಖದ ಮೇಲಿನ ಸೆರಗು ತೆಗೆಯದೆ ನೆಲಕ್ಕೆ ಬೆರಳು ಮಾಡಿದಳು.

"ಈಗ ಭೂಮಿ ಆಚೀ ಬದಿಗೈತ್ರಿ. ಇನ್ನ ಮೂರು ತಾಸಿಗೆ ಏಳ್ತೈತಿ."

ಗಡಿಯಾರವನ್ನು ಅವಳು ನೋಡಿರಲೇ ಇಲ್ಲ.