ಗುಂಡಿ ಇಲ್ಲದ ಬ್ಯಾಂಜೋ

ಬ್ಯಾಂಜೋ ಮಾರಿಬಿಟ್ಟೆ! ಜೀವನದಲ್ಲಿ ಒಂದು ಹಳೇ ಕುಕ್ಕರ್ ಕೂಡ ಮಾರಿದವಳಲ್ಲ ನಾನು. ಇವತ್ತು ಈ ಪರದೇಶದ ನಮ್ಮ ಬಡಾವಣೆ, ಇಡೀ ಹಿಲ್ಸ್‌ಬರೋಗೆ ಕೇಳುವಂತೆ ಕೂಗಿ ಹೇಳಬೇಕು ಅನಿಸುತ್ತಿದೆ.

ಬ್ಯಾಂಜೋ ನನ್ನದಲ್ಲ, ಪಕ್ಕದ ಮನೆಯ ಮಾರ್ಗರೆಟ್ ಆಂಟಿಯದು. (ಆಂಟಿ ಅನ್ನುವ ಬಿರುದು ನಾನು ಕೊಟ್ಟಿದ್ದು. ಮೊದಮೊದಲು ಬೆಚ್ಚಿದ್ದರು, ಈಗ ಬರೀ ಹೆಸರು ಹಿಡಿದು ಕರೆದರೆ ಮುನಿಸು.) ತೀರಿಕೊಂಡ ಅವರ ಗಂಡ ಕಾಲಿನ್‌ಗೆ ಬ್ಲೂಗ್ರಾಸ್ ಹುಚ್ಚು. ಹುಲ್ಲಲ್ಲ ಮಾರಾಯ್ರೇ, ಅಮೆರಿಕದ ಗುಡ್ಡಗಾಡಿನ ಕಡೆಯ ಸಂಗೀತ. ಇಲ್ಲಿಯ ಕಾಡಿನಲ್ಲಷ್ಟೇ ಬೆಳೆಯುವ ರಿಮು ಮರದಲ್ಲಿ ಒಬ್ಬರು ಕೈಯಾರೆ ಮಾಡಿದ ಬ್ಯಾಂಜೋ ಅದು. ಅಂಥದ್ದು ಇನ್ನೊಂದಿಲ್ಲ. ಜೊತೆಗೊಂದು ದಪ್ಪ ಫೈಲು. ಮರ ಎಲ್ಲಿಯದು, ಮಾಡಿದವರು ಯಾರು, ಯಾವ ಹಾಲ್‌ನಲ್ಲಿ ಯಾರು ನುಡಿಸಿದರು, ಎಲ್ಲದಕ್ಕೂ ಫೋಟೋ ಸಮೇತ ದಾಖಲೆ. ನನ್ನ ಜಾತಕವೂ ಅಷ್ಟು ಪಕ್ಕಾ ಇಲ್ಲ.

ಆಂಟಿ ಮಗಳ ಪುಟ್ಟ ಮನೆಗೆ ಹೊರಟಿದ್ದಾರೆ, ಅದಕ್ಕೇ ಮಾರಾಟ. ಶರತ್ತು ಒಂದೇ. "ಕೊಳ್ಳುವವರು ನುಡಿಸಬೇಕು. ಕಾಲಿನ್ ಹೋದಮೇಲೆ ಇದರ ಸ್ವರ ಕೇಳಿಲ್ಲ ನಾನು."

ಅವರ ಪರವಾಗಿ ನಾನೇ ಆನ್‌ಲೈನ್‌ನಲ್ಲಿ ಹಾಕಿದೆ. ಅಪರೂಪದ ವಾದ್ಯ ಸಂಗ್ರಹಿಸುವ ಒಬ್ಬ ಕಲೆಕ್ಟರ್ ಫೋನ್ ಮಾಡಿದ. ಅರ್ಧ ಗಂಟೆ ಫೈಲಿನ ಬಗ್ಗೆಯೇ ವಿಚಾರಣೆ! ಗಾಜಿನ ಪೆಟ್ಟಿಗೆಯಲ್ಲಿ ಲೈಟ್ ಹಾಕಿ ಇಡುತ್ತಾನಂತೆ. ನುಡಿಸುತ್ತೀರಾ ಅಂದೆ. "ಛೆ, ಮುಟ್ಟಿದರೆ ವ್ಯಾಲ್ಯೂ ಹೋಗುತ್ತೆ" ಅಂದ. ಬೇರೆ ಯಾರೂ ವಿಚಾರಿಸಲಿಲ್ಲ. "ಭಾನುವಾರದವರೆಗೆ ನೋಡು, ಆಮೇಲೆ ಅವನಿಗೇ ಕೊಟ್ಟುಬಿಡು" ಎಂದ ಆಂಟಿಯ ಮುಖ ಸಪ್ಪಗಾಗಿತ್ತು.

ನನಗೆ ತಡೆಯಲಾಗಲಿಲ್ಲ. ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: "ಅಪರೂಪದ ಬ್ಯಾಂಜೋ ಮಾರಾಟಕ್ಕಿದೆ. ನುಡಿಸುವವರಿಗೆ ಮಾತ್ರ." (ಫೋಟೋ ಹಾಕುವುದು ಮರೆತೇಹೋಯಿತು. ಉತ್ಸಾಹ ನೋಡಿ!) ತಕ್ಷಣ ಉತ್ತರ ಬಂತು: "ಅದು ನಂದರೀ ಅಕ್ಕಾರ! ಯಾರಿಗೂ ಕೊಡಬ್ಯಾಡ್ರಿ!"

ಬರೆದವನು ಇಮ್ತಿಯಾಜ್. ಹುಬ್ಬಳ್ಳಿಯವನು. ಓದಲು ಬಂದವನು ಈಗ ದೂರದ ಅಪ್ಪರ್ ಹಟ್ ಅನ್ನುವ ಊರಿನಲ್ಲಿ ನರ್ಸ್. ಶನಿವಾರ ಯೂಟ್ ಅನ್ನುವ ಇಲ್ಲಿಯ ಪಿಕಪ್ ಗಾಡಿ ಹತ್ತಿ ದಿನವಿಡೀ ಓಡಿಸಿಕೊಂಡು ಬಂದೇಬಿಟ್ಟ. ಆಂಟಿ ಕೇಕ್ ಮಾಡಿ, ಲಿಪ್‌ಸ್ಟಿಕ್ ಹಚ್ಚಿಕೊಂಡು ಕಾದಿದ್ದರು. ಕೇಸ್ ತೆರೆದ ಇಮ್ತಿಯಾಜ್ ನನ್ನ ಮುಖ ನೋಡಿದ.

"ಅಕ್ಕಾರ, ಇದರ ಗುಂಡಿ ಎಲ್ಲಿ ಅದಾವ್ರಿ?"

"ಯಾವ ಗುಂಡಿ?"

"ಬ್ಯಾಂಜೋದ್ದರೀ! ನಮ್ಮಪ್ಪ ಮದುವಿ ಬ್ಯಾಂಡಿನ್ಯಾಗ ಬಾರಸ್ತಿದ್ರು. ತೊಡಿ ಮ್ಯಾಲೆ ಇಟ್ಕೊಂಡು ಟೈಪ್ ಹೊಡದಂಗ ಗುಂಡಿ ಒತ್ತೋದು."

ಆಗ ಹೊಳೆಯಿತು. ಹುಬ್ಬಳ್ಳಿ ಕಡೆಯ ಬ್ಯಾಂಜೋನೇ ಬೇರೆ! ಇದೋ ಗಿಟಾರಿನಂತೆ ಎದೆಗಾನಿಸಿಕೊಂಡು ಮೀಟುವಂಥದ್ದು, ಗುಂಡಿಯೇ ಇಲ್ಲ. ಮೈಸೂರಿನವಳಾದ ನನಗೆ ಹೇಗೆ ಗೊತ್ತಿರಬೇಕು? ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆದರೆ ಹುಡುಗ ಎದ್ದು ಹೋಗಲಿಲ್ಲ. ರಿಮು ಬ್ಯಾಂಜೋವನ್ನು ಅಪ್ಪನ ಹಾಗೆ ತೊಡೆ ಮೇಲೆ ಅಡ್ಡಡ್ಡ ಮಲಗಿಸಿಕೊಂಡ. ಎಡಗೈ ಬೆರಳಿಂದ ತಂತಿಯನ್ನು ಮೇಲಿನಿಂದಲೇ ಒತ್ತಿ, ಬಲಗೈಯಿಂದ ಮೀಟಿದ. ಅಪಸ್ವರ. ಮತ್ತೆ ಮೀಟಿದ. ಇನ್ನೂ ಅಪಸ್ವರ. ತಡವರಿಸುತ್ತ, ತಪ್ಪುತ್ತ, ಕೊನೆಗೆ ಬಂತು ನೋಡಿ ಹುಬ್ಬಳ್ಳಿ ಮದುವೆ ಮೆರವಣಿಗೆಯ ಧಾಟಿ! ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಆಂಟಿ ಬಾಯಿ ಮುಚ್ಚಿಕೊಂಡು ನಕ್ಕರು. ನಗುತ್ತ ನಗುತ್ತಲೇ ಅತ್ತರು.

"ಹೀಗೆ ಹಿಡಿದಿದ್ದನ್ನು ಕಾಲಿನ್ ನೋಡಿದ್ದರೆ ನಿನ್ನನ್ನು ಓಡಿಸುತ್ತಿದ್ದ. ನಿಲ್ಲಿಸಬೇಡ, ನುಡಿಸು!"

ತನಗೆ ಬ್ಲೂಗ್ರಾಸ್ ಬರುವುದಿಲ್ಲ, ತಾನು ಬಂದಿದ್ದು ಬೇರೆಯದೇ ಬ್ಯಾಂಜೋಗೆ ಎಂದು ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಆಂಟಿ ಎದ್ದು ಒಳಗೆ ಹೋದರು. ಫೈಲನ್ನು ತಂದು ಅವನ ಕೈಗಿಟ್ಟರು. ವ್ಯಾಪಾರ ಮುಗಿಯಿತು!

ಭಾನುವಾರ ಕಲೆಕ್ಟರ್ ಫೋನ್ ಬಂತು. ನಡೆದದ್ದು ಹೇಳಿದೆ. ಹೌಹಾರಿದ. "ನುಡಿಸಲು ಬಾರದವನಿಗೆ ಅಂಥ ವಾದ್ಯ ಕೊಟ್ಟಿರಾ? ಅನ್ಯಾಯ!"

ಸರಿ ಸ್ವಾಮಿ, ಅನ್ಯಾಯವೇ. ಹಾಗಾದರೆ ನುಡಿಸುವ ಮನಸ್ಸೇ ಇಲ್ಲದವನಿಗೆ ಕೊಟ್ಟಿದ್ದರೆ ಅದಕ್ಕೆ ಏನನ್ನಬೇಕಿತ್ತು?