ಬೆಳೆಯುತ್ತಿದ್ದ ಇಟ್ಟಿಗೆ

ಮೂವತ್ತು ವರ್ಷ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ಅಳತೆ ತಪಾಸಣೆ ಮಾಡಿದವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಬದಿಗಿಡುತ್ತಿದ್ದೆ. ದೇಶದ ಭದ್ರತೆ ನನ್ನ ವರ್ನಿಯರ್ ಕ್ಯಾಲಿಪರ್ ಮೇಲೆ ನಿಂತಿದೆಯೆಂಬ ನಂಬಿಕೆಯಿತ್ತು. ದೇಶಕ್ಕೆ ಈ ವಿಷಯ ಗೊತ್ತಿರಲಿಲ್ಲ, ಅದು ಬೇರೆ ಮಾತು.

ನಾನು ನಿವೃತ್ತನಾದ ವರ್ಷವೇ ಹೆಂಡತಿ ನಡೆಯುವಾಗ ಜೋಲಿ ಹೊಡೆಯತೊಡಗಿದಳು. ನರದ ಕಾಯಿಲೆ, ವಾಸಿಯಾಗುವುದಿಲ್ಲ, ಮೈ ಆಡಿಸುತ್ತಿದ್ದರೆ ನಿಧಾನವಾಗಿ ಏರುತ್ತದೆ ಎಂದರು ವೈದ್ಯರು. ಹಿಮಾಯತ್‌ನಗರದಲ್ಲಿ ಯೋಗ ಕಲಿಸುವ ತೆಲುಗು ಮೇಡಂ ಒಬ್ಬರು ಸಿಕ್ಕರು. ಅವರ ಕೆಳಗಿನ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ. ಇಡೀ ಆಂಧ್ರದ ಯುವಕರು ಅಮೆರಿಕಕ್ಕೆ ಹೋಗಲು ಅದೇ ಮೆಟ್ಟಿಲ ಮೇಲೆ ಸಾಲು ನಿಂತಿರುತ್ತಿದ್ದರು. ಅವರ ನಡುವೆ ದಾರಿ ಕೇಳಿಕೊಂಡು ನಾವಿಬ್ಬರು ನೆಟ್ಟಗೆ ನಿಲ್ಲುವುದನ್ನು ಕಲಿಯಲು ಹೋಗುತ್ತಿದ್ದೆವು.

ಮೇಲೆ ಕುರ್ಚಿ, ಬೆಲ್ಟು, ದಿಂಬು, ಮರದ ಇಟ್ಟಿಗೆ. ಗೋಡೆಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ, ಪಕ್ಕಕ್ಕೆ ಬಾಗಿ ಅಂಗೈಯನ್ನು ಪಾದದ ಬಳಿ ಇಟ್ಟ ಇಟ್ಟಿಗೆಯ ಮೇಲೆ ಊರಬೇಕು. ಅವಳಿಗೆಂದು ನಾನೇ ತೇಗದ ಇಟ್ಟಿಗೆ ಮಾಡಿದೆ. ಚೀಲದಲ್ಲಿ ಒಯ್ದು ಚೀಲದಲ್ಲೇ ತರುತ್ತಿದ್ದೆ. ಮೊದಲ ವರ್ಷ ಕೈ ಸಲೀಸಾಗಿ ಮುಟ್ಟಿತು. ಆಗಲೇ ಅವಳು ಹೇಳಿಬಿಟ್ಟಿದ್ದಳು:

"ಯಾವತ್ತು ಇದಕ್ಕ ಕೈ ಮುಟ್ಟಂಗಿಲ್ಲೋ ಅವತ್ತ ನಾ ಬಿಡಾಕಿ. ಆಮ್ಯಾಲೆ ನನ್ನ ಎಳಕೊಂಡು ಬರಬ್ಯಾಡ್ರಿ."

ಇಟ್ಟಿಗೆಯನ್ನು ಮಲಗಿಸುವ ಬದಲು ಎತ್ತರಕ್ಕೆ ನಿಲ್ಲಿಸಿಕೊಳ್ಳಬಹುದಿತ್ತು, ಮೇಡಂ ಹೇಳಿಯೂ ಇದ್ದರು. ಅದು ಸೋತಂತೆ ಎಂಬುದು ಅವಳ ಕಾನೂನು. ಬಿಟ್ಟರೆ ಮಲಗುತ್ತಾಳೆ, ಮಲಗಿದರೆ ಏಳುವುದಿಲ್ಲ ಎಂಬುದು ನನ್ನ ಭಯ.

ಎರಡನೆಯ ವರ್ಷ ಅವಳ ಬೆರಳು ಇಟ್ಟಿಗೆಗಿಂತ ತುಸು ಮೇಲೆಯೇ ನಿಂತು ನಡುಗಿತು. ಅಂದು ಮಧ್ಯಾಹ್ನ ಅವಳು ಮಲಗಿದ್ದಾಗ ಇಟ್ಟಿಗೆಯ ತಳಕ್ಕೆ ತೆಳು ಪ್ಲೈವುಡ್ ಅಂಟಿಸಿ ಅಂಚಿಗೆ ವಾರ್ನಿಷ್ ಹಚ್ಚಿದೆ. ಮೂರು ಮಿಲಿಮೀಟರ್. ಮರುವಾರ ಕೈ ಮುಟ್ಟಿತು. ಮೇಡಂ ಇಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಮುಂದಿನವರ ಕಡೆ ಹೋದರು. ಹೀಗೆ ಏಳು ಪದರಗಳಾದವು. ಜೀವಮಾನದಲ್ಲಿ ನಾನು ಪಾಸು ಮಾಡಿದ ಸುಳ್ಳು ಅಳತೆ ಅದೊಂದೇ. ಕೆಲಸದ ಮಟ್ಟಿಗೆ ಹೇಳುವುದಾದರೆ, ಅಂಟಿಸಿದ ಗೆರೆ ಎಲ್ಲಿಯೂ ಕಾಣುತ್ತಿರಲಿಲ್ಲ.

ಎಂಟನೆಯದನ್ನು ಅಂಟಿಸಿದ ಸಂಜೆ ಅವಳು ಮಂಚದಿಂದಲೇ ಕೇಳಿದಳು:

"ಇನ್ನೂ ಎಷ್ಟು ಎತ್ತರ ಮಾಡ್ತೀರಿ ಅದನ್ನ?"

ಯಾವುದನ್ನು ಎಂದೆ.

"ವಾರ್ನಿಷ್ ವಾಸನಿ ಮುಚ್ಚಾಕ ಊದಿನಕಡ್ಡಿ ಹಚ್ಚತೀರಿ. ನೀವಾಗೇ ದೇವರ ಮುಂದ ಒಂದು ಊದಿನಕಡ್ಡಿ ಹಚ್ಚಿದ್ದು ಲಗ್ನ ಆದಾಗಿಂದ ನಾ ಕಂಡಿಲ್ಲ."

ಮೊದಲ ಪದರದಿಂದಲೇ ಗೊತ್ತಿತ್ತಂತೆ. ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ನಾ ಬಿಟ್ಟಿದ್ರ ನೀವು ಏನ್ ಮಾಡತಿದ್ರಿ?" ಎಂದಳು. ತೋಳು ನೀವಿಕೊಳ್ಳುತ್ತ, "ಈಗ ಭಾಳ ನೋಯ್ತೈತ್ರಿ. ಸಾಕು ಮಾಡೂಣು."

ನಾನು ಇಲ್ಲವೆನ್ನಲಿಲ್ಲ.

ಸೋಮವಾರ ಬೆಳಿಗ್ಗೆ, ಯೋಗಕ್ಕೆ ಕರೆದೊಯ್ಯುವ ನಮ್ಮ ಖಾಯಂ ಆಟೋದವನು ಕೆಳಗೆ ಬಂದು ಹಾರ್ನ್ ಹೊಡೆದ. ಬಾಲ್ಕನಿಯಿಂದ ಕೈಯಾಡಿಸಿ ಬೇಡವೆಂದೆ. ಬರುತ್ತಿದ್ದೇವೆ ಎಂದು ತಿಳಿದು ಅವನು ಎಂಜಿನ್ ಆರಿಸಿ ಕಾಯುತ್ತ ಕೂತ.